ಕೊಟ್ಟಿಗೆಯಲ್ಲಿ ನಿಂತ ಟ್ರಾಕ್ಟರು

ಎತ್ತಿ ನಿಲ್ಲಿಸಿದರೆ ಗಾಲಿ ತಿರುಗುತ್ತದೆ, ನೆಲಕ್ಕೆ ಇಳಿಸಿದರೆ ತಿರುಗುವುದಿಲ್ಲ. ಬೆಳಗಿನಿಂದ ಇದೇ ಆಟ. ಕೋದಂಡಪ್ಪ ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹಾಸಿಕೊಂಡು ಆ ಪುಟ್ಟ ಟ್ರಾಕ್ಟರಿನ ಹಿಂಭಾಗದಲ್ಲಿ ಅಂಗಾತ ಮಲಗಿದ್ದ. ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಇಂಜಿನ್ ಶುರು ಮಾಡಿ, ಲಿವರನ್ನು ಮುಂದಕ್ಕೆ ತಳ್ಳಿದರೆ ಹಿಂದಿನ ಗಾಲಿಗಳು ಏನೂ ಆಗಿಯೇ ಇಲ್ಲವೆಂಬಂತೆ ಸರಾಗವಾಗಿ ಸುತ್ತುತ್ತಿದ್ದವು. ದಿಮ್ಮಿ ತೆಗೆದರೆ ಇಂಜಿನ್ನು ಗುಡುಗುಡು ಅನ್ನುತ್ತದೆ, ಗಾಲಿ ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಕೂತುಬಿಡುತ್ತದೆ. ಚಿನ್ನದ ಗಣಿಯ ನಂದಿದುರ್ಗ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಫಿಟ್ಟರಾಗಿದ್ದವನು ಅವನು. ಗಣಿಯೊಳಕ್ಕೆ ಜನರನ್ನು ಇಳಿಸುವ ದೊಡ್ಡ ದೊಡ್ಡ ಯಂತ್ರಗಳ ಎದೆಗೆ ಸ್ಪ್ಯಾನರಿನ ತುದಿ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು, ಎಲ್ಲಿ ನೋವಿದೆ ಎಂದು ಹೇಳಬಲ್ಲವನು. ಗೇರಿನ ಹಲ್ಲು ಮುರಿದರೆ ಕಿರುಚುತ್ತದೆ, ಬೇರಿಂಗು ಹೋದರೆ ನರಳುತ್ತದೆ, ಕಬ್ಬಿಣ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತದೆ. ಆದರೆ ಈ ಗಾಡಿಯಲ್ಲಿ ಗೇರಿಲ್ಲ, ಕ್ಲಚ್ಚಿಲ್ಲ. ಇಂಜಿನ್ನು ಒಂದು ಬೆಲ್ಟನ್ನು ತಿರುಗಿಸುತ್ತದೆ, ಬೆಲ್ಟು ಒಂದು ಪುಲ್ಲಿಯನ್ನು, ಪುಲ್ಲಿ ಪಂಪನ್ನು. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಗಾಲಿಯನ್ನು ತಳ್ಳುತ್ತದೆ. ಎಣ್ಣೆಗೆ ಎಲ್ಲಿ ನೋವು ಎಂದು ಯಾರು ಕೇಳಿ ತಿಳಿಯಬೇಕು? ಸ್ಪ್ಯಾನರು ಇಟ್ಟು ಕೇಳಿದ್ದೂ ಆಯಿತು. ಎಲ್ಲ ಸದ್ದೂ ಸರಿಯಾಗಿತ್ತು. ಅದೇ ಅವನಿಗೆ ಸಿಟ್ಟು ತರಿಸಿದ್ದು.

ಗೋಡೆಯಾಚೆ ಹುಳುಮನೆ. ಅಲ್ಲಿನ ತಟ್ಟೆಗಳಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು, ಇದುವರೆಗೆ ತಿಂದದ್ದೆಲ್ಲ ತಿಂಡಿ, ಇನ್ನು ಮುಂದಿನದೇ ಊಟ ಎಂಬಂತೆ ಸೊಪ್ಪಿನ ಮೇಲೆ ಬಿದ್ದಿದ್ದವು. ಮುಂಜಾನೆ ಉರಿಗಾಮಿನಿಂದ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಬೂದಿಕೋಟೆ ರಸ್ತೆಯಲ್ಲಿ ನಡೆದು ಅವನು ಮನೆ ಮುಟ್ಟಿದಾಗ ಅವು ತಿನ್ನುವ ಸದ್ದು, ಯಾರೋ ಒಳಗೆ ಅಕ್ಕಿ ಕೇರುತ್ತಿದ್ದಾರೇನೋ ಅನ್ನುವಂತೆ, ಬಾಗಿಲವರೆಗೂ ಕೇಳುತ್ತಿತ್ತು. ಈಗ ಅದು ತೆಳ್ಳಗಾಗುತ್ತಿತ್ತು. ಇಂಜಿನ್ ಆರಿಸಿದಾಗಲೆಲ್ಲ ಕೋದಂಡಪ್ಪ ತನಗೇ ಗೊತ್ತಿಲ್ಲದೆ ಆ ಕಡೆ ಕಿವಿ ಕೊಡುತ್ತಿದ್ದ. ಸೊಪ್ಪು ಮುಗಿಯುತ್ತಿದೆ. ಸೊಪ್ಪಿರುವುದು ಕೆರೆಯಾಚೆಯ ತೋಟದಲ್ಲಿ. ಕೆರೆಯ ಏರಿ ಹತ್ತಿ ಇಳಿದು ಸೊಪ್ಪು ತರಬೇಕಾದದ್ದು ಈ ಟ್ರಾಕ್ಟರು. ಹೋದ ಶುಕ್ರವಾರ ಅದೇ ಏರಿಯ ಏರಿನಲ್ಲಿ, ಟ್ರೈಲರಿನ ತುಂಬ ಸೊಪ್ಪು ಹೊತ್ತುಕೊಂಡು, ಇದು ಸುಮ್ಮನೆ ನಿಂತಿತಂತೆ. ಊರಿನ ನಾಲ್ಕು ಜನ ತಳ್ಳಿಕೊಂಡು ಬಂದರಂತೆ. ತಳ್ಳುವಾಗ ಒಬ್ಬ, ನಿಮ್ಮ ಬಾಮೈದನ್ನೂ ಕರೀರಿ, ಒಂದು ಕೈ ಆಯ್ತದೆ, ಅಂದನಂತೆ. ಇದನ್ನೆಲ್ಲ ಅಕ್ಕ ಮುನಿನಾರಾಯಣಮ್ಮ ಹೇಳಿದ್ದು. ಭಾವ ಮುನಿಸ್ವಾಮಪ್ಪ ಏನೂ ಹೇಳಿರಲಿಲ್ಲ. ಅವನು ಏನೂ ಹೇಳುವವನೇ ಅಲ್ಲ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಟ್ರಾಕ್ಟರು ಗಣಿಯ ಆಫೀಸರುಗಳ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುತ್ತಿದ್ದ ಸೀಮೆಯ ಗಾಡಿ. ಹಸಿರು ಬಯಲಿನ ಮೇಲೆ ಅದು ಸದ್ದಿಲ್ಲದೆ ಹಿಂದಕ್ಕೂ ಮುಂದಕ್ಕೂ ಓಡಾಡುವುದನ್ನು, ಆಗೀಗ ರಿಪೇರಿಗೆ ಹೋದಾಗ, ಕೋದಂಡಪ್ಪ ಬೇಲಿಯ ಪಕ್ಕ ನಿಂತು ನೋಡಿದ್ದ. ಒಂದೇ ಲಿವರು, ಮುಂದಕ್ಕೆ ತಳ್ಳಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಅದನ್ನು ಮಾರುತ್ತಾರೆಂದು ಗೊತ್ತಾದ ದಿನ ಅವನಿಗೆ ಮೊದಲು ನೆನಪಾದದ್ದು ಅಕ್ಕನ ಮನೆ. ಭಾವನನ್ನು ಕರೆಸಿದ. ಕ್ಲಬ್ಬಿನ ಬಯಲಿನಲ್ಲಿ ಒಂದು ಸುತ್ತು ತಾನೇ ಓಡಿಸಿ ತೋರಿಸಿದ. ಭಾವ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ದೇವಸ್ಥಾನದೊಳಗೆ ನಿಂತವನ ಹಾಗೆ ನಿಂತು ನೋಡಿದ. ಬರುವಾಗ ರೈಲಿನಲ್ಲಿ, ಎತ್ತು ಏನ್ ಮಾಡೋದು, ಎಂದು ಒಂದೇ ಮಾತು ಕೇಳಿದ. ಈ ಕಾಲದಾಗೆ ಎತ್ತು ಕಟ್ಟೋರು ಯಾರು ಬಾವ, ಎಂದು ಕೋದಂಡಪ್ಪ ನಕ್ಕ. ಆ ನಗು. ಟ್ರಾಕ್ಟರು ನಿಂತ ಸುದ್ದಿ ಬಂದಾಗಿನಿಂದ ಅವನಿಗೆ ತನ್ನ ಮಾತಿಗಿಂತ ಹೆಚ್ಚು ಕಾಡುತ್ತಿದ್ದದ್ದು ಆ ನಗು. ಎದುರು ಸೀಟಿನಲ್ಲಿ ಕೂತಿದ್ದ ಅಪರಿಚಿತನೊಬ್ಬನ ಕಡೆಗೂ ಅವನು ನಕ್ಕಿದ್ದ, ನೋಡಿದಿರಾ ಇವರನ್ನ, ಅನ್ನುವಂತೆ. ಭಾವ ಅದನ್ನು ಗಮನಿಸಿದನೇ? ಗಮನಿಸದೆ ಇರುವ ಮನುಷ್ಯನಲ್ಲ. ಕಿಟಕಿಯ ಆಚೆ ನೋಡುತ್ತಿದ್ದ. ಮುಂದಿನ ವಾರವೇ ಎತ್ತುಗಳನ್ನು ಪಕ್ಕದ ಹಳ್ಳಿಯ ಕದಿರಪ್ಪನಿಗೆ ಕೊಟ್ಟುಬಿಟ್ಟ. ಅವು ನಿಲ್ಲುತ್ತಿದ್ದ ಜಾಗವನ್ನು ಸಾರಿಸಿ ಟ್ರಾಕ್ಟರು ನಿಲ್ಲಿಸಿದ. ಅಂದಿನಿಂದ ಕೋದಂಡಪ್ಪನನ್ನು ಬಹುವಚನದಲ್ಲಿ ಮಾತಾಡಿಸಲು ಶುರುಮಾಡಿದ.

"ಏನ್ಲಾ ಕೋದಂಡ, ಆಯ್ತೇನ್ಲಾ?" ಮುನಿನಾರಾಯಣಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೂದಲಲ್ಲಿ ಸೊಪ್ಪಿನ ಚೂರು.

"ಆಯ್ತದಕ್ಕ."

"ಬೆಳಗ್ಗಿಂದ ಅದನ್ನೇ ಯೋಳ್ತಾ ಇದ್ದೀಯ. ಸೊಪ್ಪಿಲ್ದೆ ಉಳ ಎಲ್ಲ ತಲೆ ಎತ್ಕಂಡವೆ. ನೋಡಕ್ಕಾಗಲ್ಲ ನಂಗೆ."

"ನೋಡ್ಬ್ಯಾಡ ಹಂಗಾದ್ರೆ."

ಅಂದಮೇಲೆ ಅನಿಸಿತು, ಇದನ್ನು ಅನ್ನಬಾರದಿತ್ತು ಎಂದು. ಅವಳು ಲೋಟವನ್ನು ಅವನ ತಲೆಯ ಹತ್ತಿರ, ನಟ್ಟು ಬೋಲ್ಟುಗಳ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ಕಾಫಿಯ ಕೆನೆಯ ಮೇಲೆ ಕೊಟ್ಟಿಗೆಯ ಧೂಳು ಕೂರುವುದನ್ನು ನೋಡುತ್ತಾ ಅವನು ಮಲಗೇ ಇದ್ದ. ಅವಳ ಮದುವೆಯ ದಿನ ಇವನು ಗಣಿಯಲ್ಲಿ ಶಿಫ್ಟಿನಲ್ಲಿದ್ದ. ರಜೆ ಕೊಡಲಿಲ್ಲ ಎಂದು ಎಲ್ಲರಿಗೂ ಹೇಳಿದ್ದ. ಕೇಳಿದ್ದರೆ ಕೊಡುತ್ತಿದ್ದರೇನೋ. ಹೊಸದಾಗಿ ಸೇರಿದ್ದ ಕೆಲಸ, ಮೇಸ್ತ್ರಿಯ ಮುಂದೆ ನಿಂತು ಕೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅಂದು ಸಂಜೆ ಗೇಟಿನಲ್ಲಿ, ಎಲ್ಲರ ಹಾಗೆ ಕೈ ಮೇಲೆತ್ತಿ ಚಿನ್ನದ ತಪಾಸಣೆಗೆ ನಿಂತಾಗ, ಕಾವಲಿನವನು ಅವನ ಸೊಂಟ, ಕಿಸೆ ಎಲ್ಲ ಸವರಿ, ಏನೂ ಇಲ್ಲ ಹೋಗು, ಅಂದಿದ್ದ. ಏನೂ ಇಲ್ಲ. ಈಗ ಈ ಬೆಲ್ಟನ್ನು ಮತ್ತೊಮ್ಮೆ ನೋಡಬೇಕು.

ಬೆಲ್ಟು ಸರಿಯಾಗಿತ್ತು. ಹೊಳಪು ಬಂದಿಲ್ಲ, ಸಡಿಲವಿಲ್ಲ, ಬೆರಳಿಂದ ಒತ್ತಿದರೆ ಎಷ್ಟು ಬೇಕೋ ಅಷ್ಟೇ ಬಗ್ಗುತ್ತದೆ. ಹಿಂದುಗಡೆ ಒಂದು ಸಣ್ಣ ಕಡ್ಡಿಯಿದೆ, ಅದನ್ನು ಹೊರಗೆಳೆದರೆ ಎಣ್ಣೆ ಅಡ್ಡದಾರಿ ಹಿಡಿದು ಗಾಡಿಯನ್ನು ಕೈಯಲ್ಲೇ ತಳ್ಳಬಹುದು. ಯಾರಾದರೂ ಅದನ್ನು ಅರೆಬರೆ ಎಳೆದು ಬಿಟ್ಟಿರಬೇಕೆಂದು ಬೆಳಗ್ಗೆ ಬಂದ ಕೂಡಲೇ ನೋಡಿದ್ದ. ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ಬೆರಳಿನಲ್ಲಿ ಕಡ್ಡಿಯನ್ನು ಒಳಗೆ ತಳ್ಳಿ, ಕೈ ಒರೆಸಿಕೊಂಡು, ಕಾಫಿ ಕೊಡಕ್ಕ, ಅನ್ನಬಹುದಿತ್ತು. ಕಡ್ಡಿ ಪೂರ್ತಿ ಒಳಗಿತ್ತು. ಆಮೇಲೆ ಹಳೆಯ ಎಣ್ಣೆ ಇಳಿಸಿದ. ಅದರಲ್ಲಿ ಕಬ್ಬಿಣದ ಪುಡಿ ಇರಬಹುದೆಂದು ಬೆರಳುಗಳ ನಡುವೆ ಉಜ್ಜಿ ನೋಡಿದ, ನಯವಾಗಿಯೇ ಇತ್ತು. ಬಂಗಾರಪೇಟೆಯ ಬಂಕಿನಲ್ಲಿ ಕೊಂಡು ತಂದಿದ್ದ ಹೊಸ ಎಣ್ಣೆ ತುಂಬಿದ. ಪಂಪಿನೊಳಗೆ ಗಾಳಿ ಸೇರಿಕೊಂಡರೂ ಗಾಡಿ ಬಲ ಕಳೆದುಕೊಳ್ಳುತ್ತದೆ. ಅದಕ್ಕೆಂದು ಗಾಲಿ ಎತ್ತಿ, ಆ ಕಡ್ಡಿ ಎಳೆದು, ಲಿವರನ್ನು ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ, ಹಟಮಾರಿ ಎಮ್ಮೆಯನ್ನು ಓಲೈಸುವವನ ಹಾಗೆ ಆಡಿಸಿ, ಕಡ್ಡಿ ಒಳಗೆ ತಳ್ಳಿ ಮತ್ತೆ ಆಡಿಸಿದ. ಎಣ್ಣೆಯಲ್ಲಿ ಗುಳ್ಳೆ ಬಂದವು, ನಿಂತವು. ಗಾಲಿ ಜೋರಾಗಿ ತಿರುಗಿದವು. ಬಂತು, ಅಂದುಕೊಂಡ. ದಿಮ್ಮಿ ತೆಗೆದ. ಗಾಡಿ ಅಲ್ಲಾಡಲಿಲ್ಲ. ಹಾಗಾದರೆ ಪಂಪೇ ಸವೆದುಹೋಗಿದೆ. ಸೀಮೆಯ ಪಂಪು. ಅದು ಇಲ್ಲಿ ಎಲ್ಲಿ ಸಿಗಬೇಕು, ಮದರಾಸಿನಲ್ಲೂ ಸಿಗುವುದಿಲ್ಲ. ಕ್ಲಬ್ಬಿನವರು ಸುಮ್ಮನೆ ಮಾರುತ್ತಾರೆಯೇ, ಎಂದು ಆಗ ತನಗೆ ಏಕೆ ಹೊಳೆಯಲಿಲ್ಲ? ಹೊಳೆದಿತ್ತು. ಹೊಳೆದದ್ದನ್ನು ಬದಿಗೆ ತಳ್ಳಿದ್ದ.

ಹೊರಗೆ ಗಾಡಿಯ ಕಡಕಡ ಸದ್ದು. ಕೋದಂಡಪ್ಪ ಮಲಗಿದ್ದಲ್ಲಿಂದಲೇ ತಲೆ ಹೊರಳಿಸಿದ. ಕೊಟ್ಟಿಗೆಯ ಬಾಗಿಲಲ್ಲಿ ಮೊದಲು ಕಂಡದ್ದು ಎತ್ತುಗಳ ಕಾಲು. ಬಿಳಿಯ ಕಾಲುಗಳು, ಎಡಗಡೆಯದಕ್ಕೆ ಗೊರಸಿನ ಮೇಲೆ ಕಪ್ಪು ಮಚ್ಚೆ. ಆ ಮಚ್ಚೆಯನ್ನು ಅವನು ಬಲ್ಲ. ಭಾವ ಕದಿರಪ್ಪನ ಮನೆಗೆ ಹೋಗಿ, ತಾನು ಮಾರಿದ ಎತ್ತುಗಳನ್ನು, ಒಂದು ಹೊತ್ತಿನ ಮಟ್ಟಿಗೆ ಕೊಡಪ್ಪಾ ಎಂದು ಕೇಳಿ ಅವನ ಗಾಡಿಗೇ ಹೂಡಿಕೊಂಡು ಬಂದಿದ್ದ. ಅಂಗಳದಲ್ಲಿ ನೊಗ ಇಳಿಸಿ, ಸೊಪ್ಪಿನ ಹೊರೆ ಬಿಚ್ಚುತ್ತಿದ್ದ. ಎತ್ತುಗಳನ್ನು ಯಾರೂ ಕರೆಯಲಿಲ್ಲ, ಅಟ್ಟಲೂ ಇಲ್ಲ. ಅವು ತಮ್ಮಷ್ಟಕ್ಕೆ ತಾವು ತಲೆ ಬಗ್ಗಿಸಿ ಬಾಗಿಲು ದಾಟಿ ಒಳಗೆ ಬಂದವು. ತಮ್ಮ ಜಾಗದಲ್ಲಿ ಇನ್ನೇನೋ ನಿಂತಿರುವುದನ್ನು ಕಂಡು ತಡೆದವು. ಒಂದು ಎತ್ತು ಟ್ರಾಕ್ಟರಿನ ಬಾನೆಟ್ಟನ್ನು ಮೂಸಿತು, ಬಿಸಿ ತಾಗಿ ಮೂತಿ ಹಿಂದೆಗೆಯಿತು. ಇನ್ನೊಂದು, ಮೇವು ಹಾಕುವ ಗೋದಲೆಯ ಕಡೆಗೆ ಕುತ್ತಿಗೆ ಚಾಚಿತು. ಗೋದಲೆಯಲ್ಲಿ ಕೋದಂಡಪ್ಪನ ಸ್ಪ್ಯಾನರುಗಳಿದ್ದವು. ಅದು ಅವುಗಳನ್ನು ನಾಲಿಗೆಯಲ್ಲಿ ಒಮ್ಮೆ ಸವರಿ, ಉಸಿರು ಬಿಟ್ಟಿತು. ಬೆಚ್ಚಗಿನ ಆ ಉಸಿರು ಕೋದಂಡಪ್ಪನ ಹಣೆಯ ಮೇಲೆ ಬಿತ್ತು. ಎದ್ದು ಹೋಗೋಣವೆಂದರೆ ಒಂದು ಕಡೆ ಎತ್ತಿನ ಕಾಲು, ಇನ್ನೊಂದು ಕಡೆ ಗಾಲಿ. ಮೈಯೆಲ್ಲ ಎಣ್ಣೆ ಬಳಿದುಕೊಂಡು, ಎತ್ತಿಗೂ ಟ್ರಾಕ್ಟರಿಗೂ ನಡುವೆ, ಎದೆಯ ಮೇಲೆ ಸ್ಪ್ಯಾನರು ಇಟ್ಟುಕೊಂಡು ಅವನು ಹೆಣದ ಹಾಗೆ ಮಲಗಿದ. ಭಾವ ಬಾಗಿಲಿಗೆ ಬಂದು, ಒಂದು ಕ್ಷಣ ನೋಡಿ, ಎತ್ತುಗಳ ಹಗ್ಗ ಹಿಡಿದ.

"ಏನೂ ಮಾಡಲ್ಲ ಅವು. ಎದ್ರಬ್ಯಾಡಿ."

"ಎದ್ರಿಲ್ಲ ಬಾವ."

"ನಿಧಾನಕ್ ಮಾಡಿ ಕೋದಂಡಪ್ನೋರೆ. ಅವಸರ ಏನಿಲ್ಲ. ಮಧ್ಯಾಹ್ನಕ್ ಸೊಪ್ಪು ಬಂತು."

"ಸಾಯಂಕಾಲಕ್ಕೆ?"

"ನೋಡಾಣ. ಕದಿರಪ್ಪಂಗೂ ಕೆಲ್ಸ ಅವೆ, ಎತ್ತು ವಾಪಸ್ ಬಿಡ್ಬೇಕು. ತಲೆ ಮ್ಯಾಲೆ ತಂದ್ರಾಯ್ತು." ಅವನು ಎತ್ತುಗಳನ್ನು ಹಿಂದಕ್ಕೆ ತಳ್ಳಿದ. ಅವು ಹೊರಡಲು ಒಪ್ಪಲಿಲ್ಲ. ಬೆನ್ನು ತಟ್ಟಿ, ಬಾಯಲ್ಲಿ ಏನೋ ಸದ್ದು ಮಾಡಿ, ಕೊನೆಗೆ ಕೊಂಬು ಹಿಡಿದು ತಿರುಗಿಸಬೇಕಾಯಿತು. ಅವನ ಕಣ್ಣು ಕೆಂಪಗಿದ್ದವು. ಹುಳು ದೊಡ್ಡದಾದ ಮೇಲೆ ಆ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿದ್ದಿಲ್ಲ.

ಅವಸರ ಏನಿಲ್ಲ. ಕೋದಂಡಪ್ಪನಿಗೆ ಸ್ಪ್ಯಾನರನ್ನು ಗೋಡೆಗೆ ಎಸೆಯಬೇಕೆನಿಸಿತು. ಈ ಮನುಷ್ಯನ ಮರ್ಯಾದೆಯಲ್ಲಿ ಎಲ್ಲಿ ಸ್ಪ್ಯಾನರು ಹಾಕಬೇಕೋ ತಿಳಿಯುವುದಿಲ್ಲ. ಗೋಡೆಯಾಚೆ ಅಕ್ಕ ಸೊಪ್ಪು ಹರಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕಿ ಕೇರುವ ಆ ಸದ್ದು ಮತ್ತೆ ಎದ್ದಿತು, ಎಲ್ಲ ತಟ್ಟೆಗಳಿಂದ ಒಟ್ಟಿಗೆ. ತನ್ನ ಯಾವ ಸಹಾಯವೂ ಇಲ್ಲದೆ ಎದ್ದ ಆ ಸದ್ದು ಕೇಳುತ್ತಾ ಅವನು ತಣ್ಣಗಾದ ಕಾಫಿಯನ್ನು ಧೂಳಿನ ಸಮೇತ ಕುಡಿದ. ಊಟಕ್ಕೆ ಕರೆದರೆ ಒಲ್ಲೆನೆಂದ. ಉಂಡರೆ ಭಾವನ ಎದುರಿಗೆ ಕೂರಬೇಕಾಗುತ್ತದೆ. ಆದರೆ ಭಾವ ಊಟಕ್ಕೂ ಕೂರದೆ ಎತ್ತು ಬಿಟ್ಟುಬರಲು ಹೋದನೆಂದು, ಹಾಗೇ ತೋಟಕ್ಕೆ ಹೋಗಿ ಸಂಜೆಯ ಸೊಪ್ಪು ಕತ್ತರಿಸುತ್ತಾನೆಂದು ಆಮೇಲೆ ಗೊತ್ತಾಯಿತು.

"ಅಕ್ಕ, ಒಂದ್ ಗಳಿಗೆ ಬಾ. ಇದರ ಮ್ಯಾಲೆ ಕೂತ್ಕ."

"ನಾನೇನ್ ಮಾಡ್ಲಿ ಅದ್ರ ಮ್ಯಾಲೆ ಕೂತು? ತಿಂದಾಕ್ತದೆ ನನ್ನ."

"ಈ ಲಿವರು ಹಿಡ್ಕ. ತಳ್ಳು ಅಂದಾಗ ಮುಂದಕ್ ತಳ್ಳು. ಸಾಕು ಅಂದ್ರೆ ನಡುಮಧ್ಯಕ್ ತಗಾ. ಅಷ್ಟೇಯ."

ಮುನಿನಾರಾಯಣಮ್ಮ ಸೀರೆಯನ್ನು ಮೊಣಕಾಲ ನಡುವೆ ಸಿಕ್ಕಿಸಿ, ಹುಳುಮನೆಯ ಚಿಂತೆಯಲ್ಲೇ ಹತ್ತಿ ಕೂತಳು. ಗಾಲಿಗಳ ಮುಂದೆ ಕಲ್ಲು ಕೊಟ್ಟು, ಹಿಂದಿನ ತಗಡು ಬಿಚ್ಚಿ, ಅವನು ಪಕ್ಕಕ್ಕೆ ಸರಿದು ಮಲಗಿದ. ಇದುವರೆಗೆ ಅವನು ಒಬ್ಬನೇ ಇದ್ದುದರಿಂದ, ಲಿವರು ತಳ್ಳಿದಾಗ ಒಳಗೆ ನೋಡಿರಲಿಲ್ಲ, ಒಳಗೆ ನೋಡಿದಾಗ ಗಾಲಿಯ ಮೇಲೆ ಭಾರವಿರಲಿಲ್ಲ. ಇಂಜಿನ್ನಿಗೆ ಇಡೀ ಗಾಡಿ ನಡುಗುತ್ತಿತ್ತು. ಪಂಪಿನ ನೆತ್ತಿಯ ಮೇಲೆ ಪುಲ್ಲಿ ಸುತ್ತುತ್ತಿತ್ತು. ಪುಲ್ಲಿಯ ಮೇಲೆ, ಪಂಪಿನ ಅದೇ ಶಾಫ್ಟಿನ ತುದಿಗೆ, ಗಾಳಿ ಬೀಸಿ ಪಂಪನ್ನು ತಣ್ಣಗಿಡುವ ಸಣ್ಣ ಫ್ಯಾನು. "ತಳ್ಳಕ್ಕ," ಅಂದ. ಅವಳು ತಳ್ಳಿದಳು. ಫ್ಯಾನಿನ ಒಂದು ರೆಕ್ಕೆಗೆ ಹಿಪ್ಪುನೇರಳೆ ಸೊಪ್ಪಿನ ಒಂದು ಚೂರು, ಯಾವತ್ತೋ ಅಂಟಿಕೊಂಡದ್ದು, ಇತ್ತು. ಕೋದಂಡಪ್ಪ ಅದನ್ನು ನೋಡಿದ. ಬಾನೆಟ್ಟು ನಡುಗುತ್ತಿತ್ತು, ಬೆಲ್ಟು ಓಡುತ್ತಿತ್ತು, ಪುಲ್ಲಿ ಮಂಜುಮಂಜಾಗುವಷ್ಟು ಜೋರಾಗಿ ಸುತ್ತುತ್ತಿತ್ತು, ಅಕ್ಕನ ಪಾದ ಕೂಡ ಅದುರುತ್ತಿತ್ತು. ಆ ಸೊಪ್ಪಿನ ಚೂರು ಮಾತ್ರ ನಿಂತಲ್ಲೇ ನಿಂತಿತ್ತು. ಅದರ ನರಗಳನ್ನು ಎಣಿಸಬಹುದಾಗಿತ್ತು.

"ಸಾಕಕ್ಕ," ಅಂದ. ಅವಳು ಲಿವರು ನಡುವಿಗೆ ತಂದಳು. ಭಾರ ತಪ್ಪಿದ ಕೂಡಲೇ ಫ್ಯಾನು ಅಲುಗಿ, ಪುಲ್ಲಿಯ ಜೊತೆ ಸುತ್ತತೊಡಗಿತು. ಸೊಪ್ಪಿನ ಚೂರು ಕಾಣದಾಯಿತು.

ಪಂಪಿಗೆ ಏನೂ ಆಗಿರಲಿಲ್ಲ. ಎಣ್ಣೆಗೂ ಏನೂ ಆಗಿರಲಿಲ್ಲ. ಪುಲ್ಲಿಯನ್ನೂ ಶಾಫ್ಟನ್ನೂ ಒಂದಾಗಿ ಹಿಡಿದಿಡುವ ಬೆರಳುಗುರಿನಷ್ಟು ದೊಡ್ಡ ಒಂದು ಕಬ್ಬಿಣದ ತುಂಡು, ಫಿಟ್ಟರುಗಳು ಚಾವಿ ಅನ್ನುವುದು, ಕತ್ತರಿಸಿಹೋಗಿತ್ತು. ಭಾರವಿಲ್ಲದಾಗ ಪುಲ್ಲಿ ಬರೀ ಬಿಗಿತದಿಂದ ಶಾಫ್ಟನ್ನು ಎಳೆದುಕೊಂಡು ಸುತ್ತುತ್ತದೆ, ಭಾರ ಬಿದ್ದರೆ ಶಾಫ್ಟು ನಿಲ್ಲುತ್ತದೆ, ಪುಲ್ಲಿಯೊಂದೇ ಸುತ್ತುತ್ತದೆ. ಅವನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ರೇಗಿತು. ಹೊಸ ಎಣ್ಣೆ, ಗಾಳಿ ತೆಗೆದದ್ದು, ಬೆಳಗಿನಿಂದ ಅಂಗಾತ ಮಲಗಿದ್ದು, ಎತ್ತಿನ ಉಸಿರು, ಎಲ್ಲ ಒಂದು ಚಾವಿಗಾಗಿ. ವರ್ಕ್‌ಶಾಪಿನ ಯಾವನಾದರೂ ಹೊಸಬ ಹೀಗೆ ಮಾಡಿದ್ದರೆ ತಾನು ಎಲ್ಲರೆದುರಿಗೆ ಅವನ ಮಾನ ತೆಗೆಯುತ್ತಿದ್ದೆ ಎಂದು ಅನಿಸಿತು. ತೆಗೆದೂ ಇದ್ದ, ಎಷ್ಟೋ ಸಲ.

"ಏನಾಗೈತ್ಲಾ?"

"ಒಂದ್ ಚೂರು ಕಬ್ಬಿಣ ಮುರಿದೈತೆ."

"ಅಷ್ಟೇನಾ?"

ಅವನು ಎದ್ದು ಹಿತ್ತಲಿಗೆ ನಡೆದ. ಹಳೆಯ ಎತ್ತಿನ ಗಾಡಿಯ ನೊಗ ಕಟ್ಟುವ ಮೂಕಿಮರವೊಂದು ಮುರಿದು ಅಲ್ಲಿ ಸೌದೆಯ ಜೊತೆ ಬಿದ್ದಿತ್ತು. ಅದರಿಂದ ಕಮ್ಮಾರ ಬಡಿದ ಚೌಕದ ಮೊಳೆಯೊಂದನ್ನು ಕಿತ್ತ. ಫ್ಯಾನು ಬಿಚ್ಚಿ, ನಟ್ಟು ಬಿಚ್ಚಿ, ಪುಲ್ಲಿಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಮೇಲೆತ್ತಿದ. ಕತ್ತರಿಸಿದ ಚಾವಿಯ ಅರ್ಧ ಶಾಫ್ಟಿನ ಕಚ್ಚಿನಲ್ಲಿ, ಅರ್ಧ ಪುಲ್ಲಿಯ ಕಚ್ಚಿನಲ್ಲಿ ಉಳಿದಿತ್ತು. ಎರಡನ್ನೂ ಉಳಿಯ ಮೊನೆಯಿಂದ ಎಬ್ಬಿಸಿ ತೆಗೆದು, ಅಂಗೈಯಲ್ಲಿ ಜೋಡಿಸಿ ಅಳತೆ ನೋಡಿಕೊಂಡ. ಆಮೇಲೆ ಜಗಲಿಯ ಮೇಲೆ ಕೂತು, ಮೊಳೆಯನ್ನು ಕಾಲ ಹೆಬ್ಬೆರಳಿನಿಂದ ಕಲ್ಲಿಗೆ ಒತ್ತಿ ಹಿಡಿದು ಅರ ಹಾಕತೊಡಗಿದ. ಅರದ ಸದ್ದೂ ಹುಳುಗಳ ಸದ್ದೂ ಸೇರಿದವು. ಒಂದು ಕೂದಲಿನಷ್ಟು ಹೆಚ್ಚಾದರೆ ಕೂರುವುದಿಲ್ಲ, ಕಡಿಮೆಯಾದರೆ ನಾಳೆಯೇ ಮತ್ತೆ ಮುರಿಯುತ್ತದೆ. ಹಾಕುವುದು, ನೋಡುವುದು, ಮತ್ತೆ ಹಾಕುವುದು. ಈ ಕೆಲಸದಲ್ಲಿ ಅವನ ಕೈಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ತಲೆಯಲ್ಲಿತ್ತು. ಕೈ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು. ಕೊನೆಗೆ ಚಾವಿ ಸುತ್ತಿಗೆಯ ಒಂದು ಸಣ್ಣ ಪೆಟ್ಟಿಗೆ ಕಚ್ಚಿನೊಳಗೆ ಕೂತಿತು. ಪುಲ್ಲಿ, ನಟ್ಟು, ಫ್ಯಾನು. ಹತ್ತಿ ಕೂತು ಲಿವರು ತಳ್ಳಿದ. ಟ್ರಾಕ್ಟರು ಕಲ್ಲುಗಳನ್ನು ಹತ್ತಿ ಇಳಿದು ಅಂಗಳಕ್ಕೆ ಬಂತು. ಅಕ್ಕ ಬಾಗಿಲಿಗೆ ಬರುವ ಹೊತ್ತಿಗೆ ಅವನು ಟ್ರೈಲರು ಸಿಕ್ಕಿಸಿಕೊಂಡು ಹೊರಟಾಗಿತ್ತು.

ಕೆರೆಯ ಏರಿಯ ಕೆಳಗೆ ಬಂದ. ಇಲ್ಲೇ ಅದು ನಿಂತದ್ದು. ಲಿವರಿನ ಮೇಲೆ ಕೈ ಬಿಗಿಹಿಡಿದು, ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದ. ಅದು ನಿಲ್ಲಲಿಲ್ಲ. ಏರಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಒಮ್ಮೆ ತಿರುಗಿ ನೋಡಿ ತಮ್ಮ ಕೆಲಸ ಮುಂದುವರಿಸಿದರು. ಶುಕ್ರವಾರ ತಳ್ಳಿದ ಗಂಡಸರು ಒಬ್ಬರೂ ಅಲ್ಲಿರಲಿಲ್ಲ. ಇದು ನಿಂತಾಗ ಊರೆಲ್ಲ ನೋಡಿತ್ತು, ಓಡುವಾಗ ನೋಡುವವರಿಲ್ಲ. ಪರವಾಗಿಲ್ಲ, ಭಾವ ನೋಡಲಿ. ಭಾವನಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡ. ಪಂಪು ಗಟ್ಟಿಯಾಗೈತೆ ಬಾವ, ಗಾಡಿದೇನೂ ತಪ್ಪಿಲ್ಲ. ಆಗ ಭಾವ ಏನಾದರೂ ಅನ್ನಲೇಬೇಕಾಗುತ್ತದೆ. ಎತ್ತಿನ ಮಾತು ತೆಗೆಯಬಹುದು. ತೆಗೆಯಲಿ. ರೈಲಿನಲ್ಲಿ ನಕ್ಕೆಯಲ್ಲ, ಅನ್ನಲಿ. ಅದಕ್ಕೂ ಅವನು ತಯಾರಾಗಿದ್ದ. ಅದಕ್ಕೇ ಕಾಯುತ್ತಿದ್ದ ಅಂದರೂ ಸರಿ.

ಮುನಿಸ್ವಾಮಪ್ಪ ಬದುವಿನ ಮೇಲೆ ಸೊಪ್ಪಿನ ಹೊರೆಗಳ ನಡುವೆ ಕೂತಿದ್ದ. ಟ್ರಾಕ್ಟರು ಬರುವುದನ್ನು ನೋಡಿ ಎದ್ದು ನಿಂತ. ಕೋದಂಡಪ್ಪ ಗಾಡಿ ತಿರುಗಿಸಿ ನಿಲ್ಲಿಸಿದ. ಇಂಜಿನ್ ಆರಿಸಲು ಧೈರ್ಯ ಬರಲಿಲ್ಲ.

"ಪಂಪು ಗಟ್ಟಿಯಾಗೈತೆ ಬಾವ," ಎಂದು ಇಂಜಿನ್ನಿನ ಸದ್ದಿನ ಮೇಲೆ ಕೂಗಿದ. "ಗಾಡಿದೇನೂ ತಪ್ಪಿಲ್ಲ. ಒಂದು ಚಾವಿ ಮುರಿದಿತ್ತು."

ಭಾವ ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ. ಹೊರೆಗಳನ್ನು ಒಂದೊಂದಾಗಿ ಎತ್ತಿ ಟ್ರೈಲರಿಗೆ ಹಾಕಿದ. ಕೋದಂಡಪ್ಪ ಇಳಿದು ಕೈ ಜೋಡಿಸಲು ಹೋದರೆ, ನೀವು ಕೂತ್ಕಳಿ, ಎಂದು ಸನ್ನೆ ಮಾಡಿದ. ಎಲ್ಲ ತುಂಬಿದ ಮೇಲೆ ತಾನೂ ಸೊಪ್ಪಿನ ಮೇಲೆ ಹತ್ತಿದ. ಕೋದಂಡಪ್ಪ ಹೊರಟ. ಈಗ ಹೇಳುತ್ತಾನೆ, ಅಂದುಕೊಂಡ. ಹಿಂದಿನಿಂದ, ಮುಖ ಕಾಣದ ಹಾಗೆ ಕೂತು, ಹೇಳಬೇಕಾದದ್ದನ್ನು ಹೇಳುತ್ತಾನೆ. ಅದೇ ಅವನ ರೀತಿ. ತೋಟ ದಾಟಿತು. ಕೆರೆಯ ತೂಬು ಬಂತು. ಭಾರ ಹೊತ್ತುಕೊಂಡೂ ಗಾಡಿ ಏರಿಯನ್ನು ಹತ್ತತೊಡಗಿತು. ಹಿಂದಿನಿಂದ ಒಂದು ಮಾತಿಲ್ಲ. ತಡೆಯಲಾರದೆ ಕೋದಂಡಪ್ಪ ಕುತ್ತಿಗೆ ತಿರುಗಿಸಿದ.

ಮುನಿಸ್ವಾಮಪ್ಪ ಸೊಪ್ಪಿನಲ್ಲಿ ಅರ್ಧ ಹೂತುಹೋಗಿದ್ದ. ಬಾಯಿ ತೆರೆದಿತ್ತು. ಟವಲು ಕೆನ್ನೆಯ ಮೇಲೆ ಜಾರಿತ್ತು. ಏರಿಯ ಕಲ್ಲುಗಳ ಮೇಲೆ ಟ್ರೈಲರು ಕುಲುಕಿದಾಗ ಅವನ ತಲೆ ಆ ಕಡೆಗೆ ಹೊರಳಿ, ಮತ್ತೆ ಈ ಕಡೆಗೆ ಹೊರಳಿತು. ಅವನು ಏಳಲಿಲ್ಲ.

ಇದಕ್ಕೆ ಏನು ಮಾಡಬೇಕು? ದಾರಿಯಲ್ಲಿ ಹೊಂದಿಸಿಕೊಂಡ ಉಳಿದ ಮಾತೆಲ್ಲ ಬಾಯಲ್ಲೇ ಉಳಿಯಿತು. ಕೋದಂಡಪ್ಪನಿಗೆ ಅವನನ್ನು ಅಲುಗಾಡಿಸಿ ಎಬ್ಬಿಸಿ, ಬೈಯಿ ಬಾವ, ಈಗಲಾದರೂ ಬೈಯಿ, ಅನ್ನಬೇಕೆನಿಸಿತು. ಬದಲಿಗೆ ಲಿವರನ್ನು ಸ್ವಲ್ಪ ಹಿಂದಕ್ಕೆ ತಂದ. ಗಾಡಿ ನಿಧಾನವಾಯಿತು. ಹಳ್ಳ ಕಂಡಲ್ಲೆಲ್ಲ ಸುತ್ತುಹಾಕಿ, ಇನ್ನೂ ನಿಧಾನ ಮಾಡಿ, ನಡೆದು ಹೋಗುವವರು ದಾಟಿಕೊಂಡು ಹೋಗುವಷ್ಟು ಮೆಲ್ಲಗೆ ಊರೊಳಕ್ಕೆ ಬಂದ.

ಅಂಗಳದಲ್ಲಿ ಮುನಿನಾರಾಯಣಮ್ಮ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಟ್ರೈಲರಿನೊಳಗೆ ನೋಡಿದಳು. ಕೋದಂಡಪ್ಪ ಇಂಜಿನ್ ಆರಿಸಲು ಕೈ ಚಾಚಿದ.

"ಆರಿಸ್ಬ್ಯಾಡ ಕಣ್ಲಾ," ಅಂದಳು. "ಸದ್ದು ನಿಂತ್ರೆ ಎದ್ಬಿಡ್ತಾರೆ."

ಅವಳು ಗಂಡನ ಕಾಲ ಹತ್ತಿರದ ಸೊಪ್ಪನ್ನು ಮೊದಲು ತೆಗೆದಳು, ಆಮೇಲೆ ಪಕ್ಕದ್ದು. ತಲೆಯ ಕೆಳಗಿನ ಹೊರೆಯನ್ನು ಹಾಗೇ ಬಿಟ್ಟಳು. ಬುಟ್ಟಿ ತುಂಬಿಕೊಂಡು ಒಳಗೆ ಹೋದಳು, ಖಾಲಿ ಬುಟ್ಟಿ ಹಿಡಿದು ಬಂದಳು, ಮತ್ತೆ ಹೋದಳು. ಕೋದಂಡಪ್ಪ ಇಂಜಿನ್ನಿನ ಸದ್ದು ಏರದಂತೆ ಇಳಿಯದಂತೆ ಹಿಡಿದುಕೊಂಡು, ಹಿಂದಕ್ಕೆ ತಿರುಗದೆ, ಸೀಟಿನ ಮೇಲೆ ನೆಟ್ಟಗೆ ಕೂತೇ ಇದ್ದ.